ಡಾಕ್ಟರ್ ಸಾಲದಿದ್ದಾಗ ಊರನ್ನೇ ಆಸ್ಪತ್ರೆ ಮಾಡಿದ ಲ್ಯಾಂಬೊ

ಬಳ್ಳಾರಿ: ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂದರೆ ಏನಾಗುತ್ತೆ ಅನ್ನೋದು ಆ ಮನೆಯವರಿಗೇ ಗೊತ್ತು. ಅಂಗಡಿ ಬಾಗಿಲು ಹಾಕಬೇಕು, ಕೂಲಿ ಬಿಡಬೇಕು. ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ 300 ಕಿ.ಮೀ. ದೂರದ ಬೆಂಗಳೂರಿಗೆ ಓಡಾಡಬೇಕು. ನಮ್ಮನೆಯಲ್ಲೂ ಹೀಗೇ ಆಗಿತ್ತು. ಅಣ್ಣನ ಜೊತೆ ಯಾವಾಗಲೂ ಒಬ್ಬರು ಇರಲೇಬೇಕಿತ್ತು. ಅಪ್ಪ ಅಂಗಡಿ ಬಿಡೋ ಹಾಗಿರಲಿಲ್ಲ. ಹಾಗಾಗಿ ನಾನು ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಟೆಗಟ್ಟಲೆ ನಿಂತಾಗ ಗೊತ್ತಾಗಿದ್ದು ಒಂದೇ: ಕಾಯಿಲೆಯವರು ನೂರಾರು, ನೋಡೋ ಡಾಕ್ಟರು ಒಬ್ಬರೋ ಇಬ್ಬರೋ.

ಈ ಕೊರತೆ ಇವತ್ತಿನದಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. 70 ವರ್ಷದ ಹಿಂದೆ ಆಫ್ರಿಕಾದಲ್ಲಿ ಒಬ್ಬ ಡಾಕ್ಟರ್ ಇದೇ ಕಷ್ಟಕ್ಕೆ ಒಂದು ದಾರಿ ಹುಡುಕಿದ್ದರು. ಅವರ ಹೆಸರು ಥಾಮಸ್ ಅಡೆಯೊಯೆ ಲ್ಯಾಂಬೊ. ಅವರು ತೀರಿಕೊಂಡು 20 ವರ್ಷದ ಮೇಲಾಯ್ತು. ಆದರೆ ಅವರು ಮಾಡಿದ ಕೆಲಸಕ್ಕೂ ನಮ್ಮ ಬಳ್ಳಾರಿಯಲ್ಲಿ ಮುಂದೆ ನಡೆದ ಒಂದು ಕೆಲಸಕ್ಕೂ ಬಹಳ ಹೋಲಿಕೆ ಇದೆ. ಅದಕ್ಕೇ ಈ ಬರಹ.

ಬಂಡೆ ಕೆಳಗಿನ ಊರಿನ ಹುಡುಗ

ಲ್ಯಾಂಬೊ ಹುಟ್ಟಿದ್ದು 1923ರ ಮಾರ್ಚ್ 29ರಂದು, ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ, ಅಬೆಯೊಕುಟ ಅನ್ನೋ ಪಟ್ಟಣದಲ್ಲಿ. ಆಗ ಆ ದೇಶವೂ ನಮ್ಮ ಹಾಗೇ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಯೊರುಬಾ ಭಾಷೆಯಲ್ಲಿ ಅಬೆಯೊಕುಟ ಅಂದ್ರೆ ಬಂಡೆಯ ಕೆಳಗೆ ಅಂತ ಅರ್ಥ. ಊರಲ್ಲಿ ಒಲುಮೊ ಅನ್ನೋ ದೊಡ್ಡ ಬಂಡೆ ಗುಡ್ಡ ಇದೆ. 1830ರ ಸುಮಾರಿಗೆ ಯುದ್ಧಕ್ಕೆ ಹೆದರಿ ಓಡಿಬಂದ ಮಂದಿ ಅದರ ಆಸರೆಯಲ್ಲಿ ಊರು ಕಟ್ಟಿಕೊಂಡರು. ದಿನಾ ಕೋಟೆ ಗುಡ್ಡ ನೋಡಿಕೊಂಡು ಅಂಗಡಿ ತೆಗೆಯೋ ನಮ್ಮವರಿಗೆ ಆ ಊರು ಹೇಗಿದ್ದೀತು ಅಂತ ಊಹಿಸೋದು ಕಷ್ಟವಲ್ಲ.

ಲ್ಯಾಂಬೊ ಊರಿನ ಬ್ಯಾಪ್ಟಿಸ್ಟ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಮುಗಿಸಿದರು. ಕೆಲ ಕಾಲ ನೈಜೀರಿಯಾದಲ್ಲಿ ಸರ್ಕಾರಿ ಡಾಕ್ಟರಾಗಿ ದುಡಿದು, ಮತ್ತೆ ಲಂಡನ್ನಿಗೆ ಹೋಗಿ ಮನೋವೈದ್ಯ ಶಾಸ್ತ್ರ ಕಲಿತರು. ಆ ಕಾಲಕ್ಕೆ ಇದು ಯಾರೂ ತುಳಿಯದ ದಾರಿ. ಡಾಕ್ಟರಾದವರು ಆಪರೇಷನ್ ಮಾಡಬೇಕು, ಜ್ವರ ನೋಡಬೇಕು ಅನ್ನೋದು ಎಲ್ಲರ ಲೆಕ್ಕ. ತಲೆ ಕೆಟ್ಟವರನ್ನು ನೋಡೋಕೆ ಯಾರು ಬರ್ತಾರೆ?

ನೈಜೀರಿಯಾದಲ್ಲಿ ಹುಚ್ಚಾಸ್ಪತ್ರೆಗಳು ಇರಲೇ ಇಲ್ಲ ಅಂತೇನಲ್ಲ. ಲಾಗೋಸ್ ಹತ್ತಿರದ ಯಾಬಾದಲ್ಲಿ, ಕಲಬಾರ್‌ನಲ್ಲಿ 20ನೇ ಶತಮಾನದ ಶುರುವಿನಲ್ಲೇ ಬ್ರಿಟಿಷರು ಕಟ್ಟಿಸಿದ್ದರು. ಆದರೆ ಅವು ಚಿಕಿತ್ಸೆ ಕೊಡೋದಕ್ಕಿಂತ ಕೂಡಿಹಾಕೋ ಜಾಗಗಳು. ಉಳಿದ ಮಂದಿ ಹೋಗ್ತಿದ್ದದ್ದು ಊರಿನ ನಾಟಿ ವೈದ್ಯರ ಹತ್ತಿರ.

ಕಟ್ಟಡ ಮುಗಿಯೋ ತನಕ ಕಾಯಲಿಲ್ಲ

1954ರಲ್ಲಿ ಲ್ಯಾಂಬೊ ತಮ್ಮ ಊರಿಗೇ ವಾಪಸ್ ಬಂದರು. ಊರಾಚೆ ಅರೊ ಅನ್ನೋ ಜಾಗದಲ್ಲಿ ಸರ್ಕಾರ ಹೊಸ ಮಾನಸಿಕ ಆಸ್ಪತ್ರೆ ಕಟ್ಟಿಸ್ತಿತ್ತು. ಅದರ ಹೊಣೆ ಇವರ ಮೇಲೆ ಬಿತ್ತು. ಬಂದು ನೋಡಿದರೆ ಕಟ್ಟಡವೇ ಪೂರ್ತಿ ಆಗಿರಲಿಲ್ಲ. ದೇಶದ ಜನಸಂಖ್ಯೆ 3 ಕೋಟಿ ದಾಟಿತ್ತು. ಮನೋವೈದ್ಯಕೀಯ ಕಲಿತು ಬಂದ ಮೊದಲ ನೈಜೀರಿಯನ್ನರು ಇವರೇ. ತರಬೇತಾದ ನರ್ಸುಗಳೂ ಬೆರಳೆಣಿಕೆಯಷ್ಟು.

ಬೇರೆಯವರಾಗಿದ್ದರೆ ಮೇಲಿನವರಿಗೆ ಪತ್ರ ಬರೆದು, ಕಟ್ಟಡ ಆಗಲಿ, ಸಿಬ್ಬಂದಿ ಬರಲಿ ಅಂತ ಕೂತಿರೋರು. ಲ್ಯಾಂಬೊ ಆಸ್ಪತ್ರೆ ಸುತ್ತಲಿನ ಹಳ್ಳಿಗಳಿಗೆ ಹೋದರು. ಊರ ಹಿರಿಯರ ಜೊತೆ ಕೂತು ಮಾತಾಡಿದರು. ಕಾಯಿಲೆಯವರನ್ನು ನಿಮ್ಮ ಮನೆಗಳಲ್ಲಿ ಬಾಡಿಗೆಗೆ ಇಟ್ಟುಕೊಳ್ಳಿ ಅಂತ ಒಪ್ಪಿಸಿದರು. ಒಟ್ಟು ನಾಲ್ಕು ಹಳ್ಳಿಗಳು ಈ ಯೋಜನೆಗೆ ಸೇರಿದವು.

ಲ್ಯಾಂಬೊ ಹಾಕಿದ ಷರತ್ತು ಒಂದೇ. ಪೇಷಂಟ್ ಒಬ್ಬರೇ ಬರೋ ಹಾಗಿಲ್ಲ. ತಾಯಿನೋ, ಅಣ್ಣನೋ, ಅತ್ತೆನೋ, ಮನೆಯವರು ಒಬ್ಬರಾದರೂ ಜೊತೆಗಿರಬೇಕು. ಅಡುಗೆ, ಬಟ್ಟೆ ಒಗೆಯೋದು ಅವರ ಕೆಲಸ. ಬೆಳಿಗ್ಗೆ ಪೇಷಂಟನ್ನು ಆಸ್ಪತ್ರೆಗೆ ಕರ್ಕೊಂಡು ಬರಬೇಕು, ಮಧ್ಯಾಹ್ನ ವಾಪಸ್ ಕರ್ಕೊಂಡು ಹೋಗಬೇಕು. ಸಂಜೆ ಆದ ಮೇಲೆ ಊರಿನ ಬದುಕಿನ ಜೊತೆ ಬೆರೆಯೋದು: ಹೊಲದ ಕೆಲಸ, ಹಾಡು, ಕುಣಿತ, ಹಬ್ಬ. ರಾತ್ರಿ ಹೊತ್ತು ಏನಾದ್ರೂ ಆದರೆ ನೋಡೋಕೆ ನರ್ಸುಗಳು ಹಳ್ಳಿಯಲ್ಲಿ ಇರ್ತಿದ್ದರು.

ಹಳ್ಳಿಯವರಿಗೆ ಏನು ಸಿಕ್ತು ಅಂತ ಕೇಳಬಹುದು. ಮನೆ ಬಾಡಿಗೆ ಬಂತು. ಕೋಣೆ ಕಟ್ಟಿಸೋಕೆ ಸಾಲ ಸಿಕ್ತು. ಆಸ್ಪತ್ರೆ ಕಡೆಯಿಂದ ಕುಡಿಯೋ ನೀರು, ಶೌಚಾಲಯ, ಸೊಳ್ಳೆ ಹೊಡೆಯೋ ವ್ಯವಸ್ಥೆ ಆಯ್ತು. ಬರೀ ದಾನ ಧರ್ಮ ಅಂತ ಕೇಳಿದ್ದರೆ ನಾಲ್ಕು ದಿನ ನಡೀತಿತ್ತೇನೋ. ಎರಡೂ ಕಡೆ ಲೆಕ್ಕ ಸರಿಹೋಗಿದ್ದಕ್ಕೆ ಅದು ನಿಂತಿತು. ವ್ಯಾಪಾರ ಮಾಡೋರಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

ನಾಟಿ ವೈದ್ಯರನ್ನೂ ಕರೆದರು

ಲ್ಯಾಂಬೊ ಮಾಡಿದ ಇನ್ನೊಂದು ಕೆಲಸಕ್ಕೆ ಆಗ ಹಲವು ಡಾಕ್ಟರುಗಳು ಹುಬ್ಬೇರಿಸಿದರು. ನಾಟಿ ವೈದ್ಯರನ್ನು ಅವರು ದೂರ ಇಡಲಿಲ್ಲ, ಯೋಜನೆಯೊಳಗೇ ಸೇರಿಸಿಕೊಂಡರು. ಊರಿನ ಮಂದಿಗೆ ಯಾವುದಕ್ಕೆ ಭಯ, ಯಾರ ಮೇಲೆ ನಂಬಿಕೆ ಅನ್ನೋದು ಆ ವೈದ್ಯರಿಗೆ ಗೊತ್ತಿತ್ತು. ಮಾಟ ಆಗಿದೆ ಅಂತ ನಡುಗೋ ಮನುಷ್ಯನಿಗೆ ಇಂಗ್ಲಿಷ್ ಪುಸ್ತಕದ ಮಾತು ತಾಗಲ್ಲ ಅಂತ ಲ್ಯಾಂಬೊ ತಿಳಿದಿದ್ದರು.

ಹಂಗಂತ ಚಿಕಿತ್ಸೆಯನ್ನು ಅವರ ಕೈಗೆ ಬಿಟ್ಟುಕೊಡಲಿಲ್ಲ. ಆಗ ತಾನೇ ಬಂದಿದ್ದ ಹೊಸ ಔಷಧಿಗಳು, ಕರೆಂಟ್ ಚಿಕಿತ್ಸೆ ಎಲ್ಲ ಆಸ್ಪತ್ರೆಯಲ್ಲೇ, ಡಾಕ್ಟರ ಕೈಯಲ್ಲೇ. ಈ ಗೆರೆಯನ್ನು ನಾವು ಮರೆಯಬಾರದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರ ಇದ್ದ ಒಂದು ಆಶ್ರಯ ಮನೆಗೆ ಬೆಂಕಿ ಬಿತ್ತು. ಸರಪಳಿ ಕಟ್ಟಿದ್ದ 28 ಮಾನಸಿಕ ಕಾಯಿಲೆಯವರು ಓಡಲಾಗದೆ ಸತ್ತರು. ನಂಬಿಕೆಯನ್ನು ಜೊತೆಗೆ ತಗೊಳ್ಳೋದು ಬೇರೆ, ಕಾಯಿಲೆಯವರನ್ನು ಡಾಕ್ಟರಿಗೆ ತೋರಿಸದೆ ಕಟ್ಟಿಹಾಕೋದು ಬೇರೆ.

ಒಟ್ಟಾರೆ ಲ್ಯಾಂಬೊ ಮಾಡಿದ್ದು ಕೆಲಸ ಹಂಚೋ ಕೆಲಸ. ಡಾಕ್ಟರೇ ಮಾಡಬೇಕಾದ್ದು ಯಾವುದು, ನರ್ಸ್ ಮಾಡಬಹುದಾದ್ದು ಯಾವುದು, ಮನೆಯವರು, ಊರವರು ಮಾಡಬಹುದಾದ್ದು ಯಾವುದು ಅಂತ ಬೇರೆ ಬೇರೆ ಮಾಡಿದರು. ಜೊತೆಗೆ ಬಂದವರನ್ನು ಅಡ್ಡ ನಿಂತವರು ಅಂತ ನೋಡದೆ, ಕೆಲಸಗಾರರು ಅಂತ ಲೆಕ್ಕಕ್ಕೆ ಹಿಡಿದರು. ಅವರಿಗೆ ತಲೆ ಮೇಲೆ ಸೂರು ಕೊಟ್ಟರು, ಮಾಡೋಕೆ ಕೆಲಸ ಕೊಟ್ಟರು. ಕಾರಿಡಾರಿನಲ್ಲಿ ನಿಂತು ಕಾಲು ನೋಯಿಸಿಕೊಂಡ ನನಗೆ ಇದನ್ನು ಓದಿದಾಗ ಹೊಟ್ಟೆ ಉರಿಯಿತು, ಸಂತೋಷವೂ ಆಯಿತು.

ಇದರಲ್ಲಿ ತೊಂದರೆ ಇರಲಿಲ್ಲ ಅಂತಲ್ಲ. ತಿಂಗಳುಗಟ್ಟಲೆ ಹಳ್ಳಿಯಲ್ಲಿ ಕೂತ ಆ ಅಣ್ಣನೋ ತಾಯಿಯೋ ತಮ್ಮ ಹೊಲ, ಸಂತೆ ಬಿಟ್ಟು ಬಂದಿರ್ತಾರೆ. ಆ ನಷ್ಟ ತುಂಬಿಕೊಡೋರು ಯಾರು? ಮನೆಯವರ ದುಡಿಮೆ ಪುಕ್ಕಟೆ ಅಂದುಕೊಂಡರೆ ಯಾವ ಯೋಜನೆಯೂ ಬಹಳ ದಿನ ಬಾಳಲ್ಲ.

ಹಳ್ಳಿಯಿಂದ ಜಿನೀವಾಗೆ

1960ರಲ್ಲಿ ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂತು. ಮರುವರ್ಷವೇ ಲ್ಯಾಂಬೊ ಇಡೀ ಆಫ್ರಿಕಾದ ಮನೋವೈದ್ಯರನ್ನು ಅಬೆಯೊಕುಟಕ್ಕೆ ಕರೆಸಿ ಸಮ್ಮೇಳನ ಮಾಡಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಲೇಟನ್ ಅವರ ತಂಡದ ಜೊತೆ ಸೇರಿ ಯೊರುಬಾ ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆಗಳ ಸಮೀಕ್ಷೆ ನಡೆಸಿದರು. ಅದರ ಪುಸ್ತಕ 1963ರಲ್ಲಿ ಬಂತು.

ಆಮೇಲೆ ಇಬಾಡಾನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು, ಹೊಸ ಡಾಕ್ಟರುಗಳನ್ನು ತಯಾರು ಮಾಡಿದರು. ಅಲ್ಲೇ ಕುಲಪತಿಯೂ ಆದರು. 1971ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಜಿನೀವಾಗೆ ಹೋದರು. 1973ರಿಂದ 1988ರವರೆಗೆ ಅದರ ಉಪ ಮಹಾನಿರ್ದೇಶಕರಾಗಿದ್ದರು. ಅವರು ಅಲ್ಲಿದ್ದ ಕಾಲದಲ್ಲೇ, 1975ರಲ್ಲಿ, ಆ ಸಂಸ್ಥೆಯ ತಜ್ಞರ ಸಮಿತಿ ಬಡ ದೇಶಗಳಿಗೆ ಒಂದು ದಾರಿ ತೋರಿಸಿತು: ಮನೋವೈದ್ಯರು ಸಾಕಷ್ಟು ಆಗೋ ತನಕ ಕಾಯಬೇಡಿ, ಹಳ್ಳಿ ಆಸ್ಪತ್ರೆಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಈ ಕೆಲಸ ಕಲಿಸಿ ಅಂತ. 2004ರ ಮಾರ್ಚ್ 13ರಂದು ಲ್ಯಾಂಬೊ ತೀರಿಕೊಂಡರು.

ನಮ್ಮ ಬಳ್ಳಾರಿ ಎಲ್ಲಿ ಬಂತು?

ಲ್ಯಾಂಬೊ ಅವರ ಅರೊಗೂ ಬಳ್ಳಾರಿಗೂ ನೇರ ಸಂಬಂಧ ಇಲ್ಲ. ಆದರೆ ಅದೇ ಯೋಚನೆ ಇಲ್ಲಿ ಬೇರೆ ರೂಪದಲ್ಲಿ ಬಂತು. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು 1970ರ ದಶಕದಲ್ಲಿ ಸಕಲವಾರ ಹಳ್ಳಿಯಲ್ಲಿ ಕೇಂದ್ರ ಮಾಡಿಕೊಂಡು, ಹಳ್ಳಿ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡೋ ಕ್ರಮ ಹುಡುಕಿದರು. ಇಡೀ ಒಂದು ಜಿಲ್ಲೆಯಲ್ಲಿ ಇದನ್ನು ಮಾಡಿ ನೋಡೋಣ ಅಂತ 1980ರ ದಶಕದ ನಡುವೆ ಆರಿಸಿಕೊಂಡದ್ದು ಬಳ್ಳಾರಿಯನ್ನ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳು ಮೂರ್ಛೆ ರೋಗಕ್ಕೆ, ಚಿತ್ತಭ್ರಮೆಗೆ ಮಾತ್ರೆ ಕೊಡೋದು ಕಲಿತರು. ಕಾರ್ಯಕರ್ತರು ಮನೆಮನೆಯಲ್ಲಿ ಕಾಯಿಲೆಯವರನ್ನು ಗುರುತಿಸೋದು ಕಲಿತರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಬಳ್ಳಾರಿ ಮಾದರಿಯನ್ನೇ. ಗಣಿ, ಜೀನ್ಸ್, ಬಿಸಿಲು ಅಂತ ನಮ್ಮ ಊರಿನ ಹೆಸರು ಹೇಳೋರಿಗೆ ಇದನ್ನೂ ಹೇಳಬೇಕು.

ಆದರೂ ಕೊರತೆ ನೀಗಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ದೇಶದಲ್ಲಿ ಲಕ್ಷ ಮಂದಿಗೆ ಒಬ್ಬ ಮನೋವೈದ್ಯರೂ ಇಲ್ಲ. ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ 2014ರಿಂದ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿ ಆಗೋ ಹಾಗೆ ಸರ್ಕಾರ 10 ವರ್ಷದೊಳಗೆ ಪ್ರಯತ್ನ ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಅಂದ್ರೆ ಗಡುವು 2028. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳೋ ಹಾಗೆ ಇದನ್ನೂ ಕೇಳಬಹುದು.

ನಮ್ಮಣ್ಣ ಈಗ ಮಾತ್ರೆ ತಪ್ಪಿಸಲ್ಲ. ಸಂಜೆ ಹೊತ್ತು ಅಂಗಡಿಯಲ್ಲಿ ಕೂರ್ತಾನೆ, ಚಿಲ್ಲರೆ ಸರಿಯಾಗೇ ಎಣಿಸಿ ಕೊಡ್ತಾನೆ. ಪಕ್ಕದ ಅಂಗಡಿಯವರು ಅವನ ಜೊತೆ ಕೂತು ಚಾ ಕುಡೀತಾರೆ. ಅವರು ಲ್ಯಾಂಬೊ ಹೆಸರು ಕೇಳಿದವರಲ್ಲ. ಆದರೆ ಅರೊ ಹಳ್ಳಿಯವರು ಮಾಡಿದ ಕೆಲಸವನ್ನೇ ಅವರೂ ಮಾಡ್ತಿದ್ದಾರೆ.