ಎಚ್‌ಎಎಲ್‌ಗೆ ಹಸಿರು ನಿಶಾನೆ ಕೊಟ್ಟ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ಹೊಸ ತಿಪ್ಪಸಂದ್ರ: ಇಲ್ಲಿನ ಎಷ್ಟೋ ಅಂಗಡಿ ಬೋರ್ಡುಗಳಲ್ಲಿ ವಿಳಾಸ ಅಂದ್ರೆ ಎಚ್‌ಎಎಲ್ 3ನೇ ಹಂತ. ಆ ಕಾರ್ಖಾನೆ ಬೆಂಗಳೂರಿಗೆ ಬರೋದಕ್ಕೆ ಮುಖ್ಯ ಕಾರಣರಾದವರಲ್ಲಿ ಒಬ್ಬರು ಮೈಸೂರು ದಿವಾನ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಲ್ಲೇ. ಅಜ್ಜ ಆಗಾ ಅಲಿ ಅಸ್ಕರ್ ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿ. ಕಂಟೋನ್ಮೆಂಟಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಸೆಂಟ್ರಲ್ ಕಾಲೇಜಲ್ಲಿ ಓದಿ, ಅರಮನೆ ಕಚೇರಿಯಲ್ಲಿ ಮೇಲೇರಿ 1926ರಲ್ಲಿ ದಿವಾನರಾದರು.

ಊರು ಚೊಕ್ಕಟವಾಗಿರಬೇಕು ಅನ್ನೋದು ಅವರ ಹಟ. ಬೆಳಗ್ಗೆ ಕುದುರೆ ಏರಿ ಬೀದಿ ಸುತ್ತಿ, ಕಂಡ ಕೊರತೆಯನ್ನು ಅಧಿಕಾರಿಗಳ ಮುಂದೆ ಇಡುತ್ತಿದ್ದರು. ಈಗಿನ ವಾರ್ಡ್ ರೌಂಡ್ಸ್ ಇದ್ದಂಗೆ, ಫೋಟೋ ಮಾತ್ರ ಇರಲಿಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ಸರ್ಕಾರದ ಕೆಲಸದ ವರದಿಯನ್ನು ಸದಸ್ಯರ ಮುಂದೆ ಓದಬೇಕಿತ್ತು. ತಿಪ್ಪಗೊಂಡನಹಳ್ಳಿ ಜಲಾಶಯ, ಟೌನ್‌ಹಾಲ್, ಮೈಸೂರು ಲ್ಯಾಂಪ್ಸ್, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ ಎಲ್ಲ ಅವರ ಕಾಲದವು.

ಎಲ್ಲವೂ ಹೊಗಳುವಂಥದ್ದಲ್ಲ ಬಿಡಿ. 1928ರಲ್ಲಿ ಸುಲ್ತಾನ್‌ಪೇಟೆ ಶಾಲೆಯ ಗಣಪತಿ ವಿಚಾರಕ್ಕೆ ಗಲಾಟೆ ಎದ್ದಾಗ ದಿವಾನರ ಮೇಲೂ ಆರೋಪ ಬಂತು, ವಿಶ್ವೇಶ್ವರಯ್ಯ ಸಮಿತಿ ವಿಚಾರಣೆ ನಡೆಸಿತು. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಎದ್ದಾಗ ಅಧಿಕಾರ ಬಿಟ್ಟುಕೊಡಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಆ ಕಲೆ ದಿವಾನಗಿರಿಗೆ ಅಂಟಿಕೊಂಡೇ ಉಳಿಯಿತು. ಆಮೇಲೆ ಸರ್ದಾರ್ ಪಟೇಲರ ಜತೆ ಮಾತುಕತೆಯಾಗಿ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು.

ಯುದ್ಧ ಶುರುವಾದಾಗ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದರು. ಕಾರು ಕಾರ್ಖಾನೆ ಯೋಜನೆಗೆ ಭಾರತ ಸರ್ಕಾರದ ಬೆಂಬಲ ಸಿಕ್ಕಿರಲಿಲ್ಲ. ಆದ್ರೂ ಮಿರ್ಜಾ ಹಿಂದೆ ಮುಂದೆ ನೋಡಲಿಲ್ಲ: ಜಾಗವೂ ಕೊಟ್ಟರು, ಸಂಸ್ಥಾನದ ದುಡ್ಡೂ ಹಾಕಿಸಿದರು. 1940ರ ಆಗಸ್ಟ್‌ನಲ್ಲಿ ಗೆಳೆಯ ಮಹಾರಾಜರು ತೀರಿಕೊಂಡಿದ್ದರು. ಡಿಸೆಂಬರ್ 23ಕ್ಕೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿ ಆಯಿತು. ಮಾರನೇ ವರ್ಷ ಹೊಸ ಮಹಾರಾಜರ ಜತೆ ಹೊಂದಾಣಿಕೆ ಆಗದೆ ಮಿರ್ಜಾ ಹುದ್ದೆ ಬಿಟ್ಟರು. ಕಾರ್ಖಾನೆ ಇಷ್ಟು ದೊಡ್ಡದಾಗಿ, ಅದರ ಸುತ್ತ ಬಡಾವಣೆ ಮೇಲೆ ಬಡಾವಣೆ ಏಳೋದನ್ನು ದಿವಾನರ ಕುರ್ಚಿಯಲ್ಲಿ ಕೂತು ನೋಡೋ ಭಾಗ್ಯ ಅವರಿಗಿರಲಿಲ್ಲ.

ಮುಂದೆ ಜೈಪುರಕ್ಕೆ, ಆಮೇಲೆ ಸ್ವಲ್ಪ ಕಾಲ ಹೈದರಾಬಾದಿಗೆ ಪ್ರಧಾನಿಯಾದರು. ಮಾಲು ತರೋದಕ್ಕೆ ಜೈಪುರಕ್ಕೆ ಹೋಗುವ ವ್ಯಾಪಾರಿಗಳು ಅಲ್ಲಿನ ಎಂ.ಐ. ರೋಡ್ ನೋಡಿರುತ್ತಾರೆ. ಎಂ.ಐ. ಅಂದ್ರೆ ಮಿರ್ಜಾ ಇಸ್ಮಾಯಿಲ್. 1959ರ ಜನವರಿ 5ರಂದು ಬೆಂಗಳೂರಲ್ಲೇ ತೀರಿಕೊಂಡರು.