ಸೌಲ ಅರಸನ ನೆಪಗಳು, ನಮ್ಮ ನೆಪಗಳು



ಇಸ್ರಯೇಲರ ಮೊದಲನೆಯ ಅರಸ ಸೌಲ ಆರಂಭದಲ್ಲಿ ಕೆಟ್ಟವನಾಗಿರಲಿಲ್ಲ. ಅವನು ಬೆನ್ಯಾಮೀನ್ ಕುಲದ ಕೀಷನ ಮಗ. ಜನರ ನಡುವೆ ನಿಂತರೆ ಎಲ್ಲರಿಗಿಂತ ತಲೆಯಷ್ಟು ಎತ್ತರ. ತಂದೆಯ ಕತ್ತೆಗಳು ತಪ್ಪಿಸಿಕೊಂಡಾಗ ಆಳಿನೊಂದಿಗೆ ಹುಡುಕುತ್ತಾ ಹೋದ. ದಾರಿಯಲ್ಲಿ ಪ್ರವಾದಿ ಸಮುವೇಲರು ಸಿಕ್ಕಿದರು; ಅವನ ತಲೆಯ ಮೇಲೆ ಎಣ್ಣೆ ಸುರಿದು ಅಭಿಷೇಕ ಮಾಡಿದರು. ಮಿಚ್ಪೆಯಲ್ಲಿ ಚೀಟಿ ಹಾಕಿ ಅರಸನನ್ನು ಆರಿಸಿದಾಗ ಅವನು ಸಾಮಾನುಗಳ ನಡುವೆ ಅಡಗಿ ಕುಳಿತಿದ್ದ. ಕೆಲವರು ಹೀಯಾಳಿಸಿದರೂ ಸುಮ್ಮನಿದ್ದ. ಅಮ್ಮೋನಿಯರಿಂದ ಯಾಬೇಷ್ ಗಿಲ್ಯಾದಿನ ಜನರನ್ನು ಬಿಡಿಸಿದ ದಿನ, ಹೀಯಾಳಿಸಿದವರನ್ನು ಕೊಲ್ಲಲು ಹೊರಟ ಜನರನ್ನು ತಡೆದ. ಜಯ ತಂದವರು ಸರ್ವೇಶ್ವರ ಎಂದು ತಿಳಿಸಿದ.

ಅವನು ಎಡವಿದ್ದು ಗಿಲ್ಗಾಲಿನಲ್ಲಿ. ಫಿಲಿಷ್ಟಿಯರು ಯುದ್ಧಕ್ಕೆ ಸೇರಿದ್ದರು. ಸಮುವೇಲರಿಗಾಗಿ ಏಳು ದಿನ ಕಾಯಬೇಕಿತ್ತು. ಅವರು ಬರುವುದು ತಡವಾಯಿತು, ಸೈನಿಕರು ಒಬ್ಬೊಬ್ಬರಾಗಿ ಜಾರಿಕೊಂಡರು. ಹೆದರಿದ ಸೌಲ ತಾನೇ ದಹನಬಲಿ ಅರ್ಪಿಸಿಬಿಟ್ಟ. ಸಮುವೇಲರು ಬಂದು ಕೇಳಿದಾಗ ಅವನ ಬಳಿ ಮೂರು ಕಾರಣ ಸಿದ್ಧವಿದ್ದವು: ಜನ ಚದರಿದರು, ನೀವು ಹೊತ್ತಿಗೆ ಬರಲಿಲ್ಲ, ಶತ್ರು ಹತ್ತಿರವಿದ್ದ. ಮೂರೂ ನಿಜವೇ. ಆದರೆ ತನ್ನ ತಪ್ಪು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಈ ಭಾಗ ಓದುವಾಗ ನಮಗೆ ಹೋದ ಕ್ರಿಸ್ಮಸ್ ನೆನಪಾಗುತ್ತದೆ. ನಮ್ಮ ಧರ್ಮಕೇಂದ್ರದ ಪೂಜೆಯಲ್ಲಿ ತಮಿಳು, ಮಲಯಾಳಂ, ಕನ್ನಡ ಮೂರೂ ಇರುತ್ತವೆ. ಕನ್ನಡಕ್ಕೆ ಎರಡು ಗೀತೆ. ಅದರ ಜವಾಬ್ದಾರಿ ಯುವಜನರಾದ ನಮ್ಮದು. ಅಭ್ಯಾಸಕ್ಕೆ ನಾಲ್ಕೇ ಜನ ಬಂದೆವು. ಮೂರನೇ ಸಂಜೆಗೆ ಬಿಟ್ಟುಬಿಟ್ಟೆವು. ಗುರುಗಳು ಕೇಳಿದಾಗ ಸಭಾಂಗಣ ಯಾವಾಗಲೂ ಬೇರೆಯವರಿಗೇ ಸಿಗುತ್ತದೆ, ನಾವು ಕಡಿಮೆ ಜನ ಎಂದೆವು. ಸಭಾಂಗಣ ಖಾಲಿ ಇದ್ದ ಸಂಜೆಗಳಲ್ಲೂ ನಾವು ಹೋಗಿರಲಿಲ್ಲ. ಅದನ್ನು ಹೇಳಲಿಲ್ಲ. ಆ ರಾತ್ರಿಯ ಪೂಜೆ ಕನ್ನಡ ಗೀತೆಯಿಲ್ಲದೆ ಮುಗಿಯಿತು. ಜೊತೆಗೂಡಿ ಹಾಡಲು ಕಾದಿದ್ದ ಅಜ್ಜಿಯರು ಸುಮ್ಮನೆ ಮನೆಗೆ ಹೋದರು.

ಗಿಲ್ಗಾಲಿನ ನಂತರ ಸೌಲನ ಬಳಿ ಉಳಿದವರು ಸುಮಾರು 600 ಜನ. ಅವನ ಮಗ ಯೋನಾತಾನ ಆ ಸಂಖ್ಯೆಗೆ ಹೆದರಲಿಲ್ಲ. ರಕ್ಷಿಸುವುದು ದೇವರ ಕೆಲಸ, ಜನ ಹೆಚ್ಚಿದ್ದರೂ ಕಡಿಮೆಯಿದ್ದರೂ ಅವರಿಗೆ ಅಡ್ಡಿಯಿಲ್ಲವೆಂದು ನಂಬಿ, ಆಯುಧ ಹೊರುವ ಒಬ್ಬನನ್ನೇ ಕರೆದುಕೊಂಡು ಬಂಡೆ ಹತ್ತಿ ಶತ್ರುವಿನ ಕಾವಲುದಂಡನ್ನು ಸೋಲಿಸಿದ.

ಅಮಾಲೇಕ್ಯರ ಯುದ್ಧದಲ್ಲೂ ಸೌಲ ಹಾಗೆಯೇ ಮಾಡಿದ. ಆಜ್ಞೆ ಮೀರಿ ಒಳ್ಳೆಯ ಕುರಿದನಗಳನ್ನು ಉಳಿಸಿಕೊಂಡು, ಬಲಿಗಾಗಿ ಜನರೇ ಉಳಿಸಿದರೆಂದ. ಕೊನೆಗೆ ಪಾಪ ಮಾಡಿದೆನೆಂದು ಒಪ್ಪಿಕೊಂಡ. ಅದರ ಬೆನ್ನಿಗೇ ಹಿರಿಯರ ಮುಂದೆ ತನ್ನ ಮರ್ಯಾದೆ ಉಳಿಸಬೇಕೆಂದು ಬೇಡಿಕೊಂಡ. ಆಮೇಲೆ ದಾವೀದನ ಮೇಲೆ ಹೊಟ್ಟೆಕಿಚ್ಚು. ಕಿನ್ನರಿ ನುಡಿಸಿ ತನಗೆ ನೆಮ್ಮದಿ ಕೊಡುತ್ತಿದ್ದ ಹುಡುಗನ ಮೇಲೆಯೇ ಈಟಿ ಎಸೆದ. ದಾವೀದನಿಗೆ ನೆರವಾದರೆಂದು ನೋಬಿನ 85 ಯಾಜಕರನ್ನು ಕೊಲ್ಲಿಸಿದ. ಸಾಮಾನುಗಳ ನಡುವೆ ಅಡಗಿದ್ದವನು ಇವನೇ ಎಂದರೆ ನಂಬುವುದು ಕಷ್ಟ.

ದಾವೀದನೂ ಪಾಪ ಮಾಡಿದ. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನೇ ಕೊಲ್ಲಿಸಿದ. ಅದು ಸಣ್ಣ ಪಾಪವಲ್ಲ. ಆದರೆ ಪ್ರವಾದಿ ನಾತಾನರು ಎದುರು ನಿಂತು ತಿಳಿಸಿದಾಗ ಯಾರ ಮೇಲೂ ಹೊರಿಸದೆ ಒಪ್ಪಿಕೊಂಡ. ಇಬ್ಬರು ಅರಸರ ನಡುವಿನ ವ್ಯತ್ಯಾಸ ಇಷ್ಟೇ ಎಂದು ನಮಗೆ ತೋರುತ್ತದೆ.

ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಸೌಲನ ಮೂವರು ಮಕ್ಕಳು ಸತ್ತರು. ಅವನು ತನ್ನ ಕತ್ತಿಯ ಮೇಲೆಯೇ ಬಿದ್ದ. ಶತ್ರುಗಳು ಶವವನ್ನು ಬೇತ್‌ಷೆಯಾನಿನ ಗೋಡೆಗೆ ನೇತುಹಾಕಿದರು. ಆಗ ಯಾಬೇಷ್ ಗಿಲ್ಯಾದಿನವರು ರಾತ್ರಿಯೆಲ್ಲ ನಡೆದು ಬಂದು ಅದನ್ನು ಇಳಿಸಿಕೊಂಡು ಹೋದರು. ಎಲುಬುಗಳನ್ನು ಹೂಳಿ ಏಳು ದಿನ ಉಪವಾಸ ಮಾಡಿದರು. ಸೌಲನ ಮೊದಲ ಒಳ್ಳೆಯತನವನ್ನು ಅವರು ಮರೆತಿರಲಿಲ್ಲ. ಎಡವಿದವರ ಬಗ್ಗೆ ಮಾತಾಡುವಾಗ ನಾವೂ ಇದನ್ನು ನೆನೆಯಬೇಕು.

ಮುಂದಿನ ಸಲ ಪಾಪನಿವೇದನೆಗೆ ಮೊಣಕಾಲೂರುವಾಗ ಹೆಂಡತಿ, ಗಂಡ, ಅತ್ತೆ, ನೆರೆಯವರು ಮಾಡಿದ್ದನ್ನು ಬಿಟ್ಟು ನಮ್ಮದನ್ನು ಮಾತ್ರ ಹೇಳೋಣ. ಯುವಜನರಾದ ನಾವೂ ಗುರುಗಳ ಬಳಿ ಹೋಗಿ ನಿಜ ಒಪ್ಪಿಕೊಂಡಿದ್ದೇವೆ. ಗೀತೆಗಳ ಅಭ್ಯಾಸ ಮತ್ತೆ ಶುರುವಾಗಿದೆ. ನಾಲ್ಕೇ ಜನ ಬಂದರೂ ಈ ಸಲ ನಿಲ್ಲಿಸುವುದಿಲ್ಲ. ಅಜ್ಜಿಯರೂ ಬರಬಹುದು.