ಬೆನಗಲ್ ನರಸಿಂಗ ರಾಯರು

ಹೊಟೇಲಿನ ಬಾಗಿಲಿಗೆ ಬಂದ ಪೌರನನ್ನು ಜನಾಂಗ, ಜಾತಿ, ಧರ್ಮಗಳ ಕಾರಣದಿಂದ ಹಿಂದಿರುಗಿಸಕೂಡದೆಂದು ನಮ್ಮ ಸಂವಿಧಾನದ ೧೫ನೆಯ ವಿಧಿಯು ಹೇಳುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ ಇದು ತಿಳಿದುದು ಬಹಳ ತಡವಾಗಿ. ಆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ನಮ್ಮ ಕರಾವಳಿಯವರೇ ಆದ ಬೆನಗಲ್ ನರಸಿಂಗ ರಾಯರೆಂಬುದು ತಿಳಿದುದು ಇನ್ನೂ ತಡವಾಗಿ.

ರಾಯರು ಜನಿಸಿದುದು ೧೮೮೭ರ ಫೆಬ್ರವರಿ ೨೬ರಂದು. ತಂದೆ ವೈದ್ಯರು, ಮನೆಮಾತು ಕೊಂಕಣಿ. ಮಂಗಳೂರಿನ ಕೆನರಾ ಹೈಸ್ಕೂಲಿನಿಂದ ಮದರಾಸಿಗೂ, ಅಲ್ಲಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೂ ಹೋಗಿ, ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳವನ್ನು ಸೇರಿದರು. ಮದರಾಸು ಪ್ರಾಂತ್ಯದಲ್ಲಿ ನಂಟರಿಷ್ಟರು ಬಹಳವೆಂದು ಅಲ್ಲಿನ ನೇಮಕವನ್ನು ತಾವಾಗಿಯೇ ಬೇಡವೆಂದರಂತೆ. ಊರವರೆಂಬ ಬಲದಿಂದಲೇ ಕೆಲಸ ಹಿಡಿಯುವ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣಬಹುದು.

ಮುಂದೆ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು, ಕಾಶ್ಮೀರದ ಪ್ರಧಾನಮಂತ್ರಿಯೂ ಆದರು. ೧೯೪೬ರಲ್ಲಿ ದೆಹಲಿಯ ಸಂವಿಧಾನ ಸಭೆಗೆ ಸಲಹೆಗಾರರಾಗಿ ಬಂದರು. ಈ ಕೆಲಸಕ್ಕೆ ಸಂಬಳ ಪಡೆಯಲಿಲ್ಲ. ೧೯೪೭ರ ಅಕ್ಟೋಬರಿನ ಅವರ ಕರಡಿನಲ್ಲಿ ೨೪೩ ವಿಧಿಗಳಿದ್ದವು. ಹೊಟೇಲು, ಅಂಗಡಿಗಳ ಪ್ರವೇಶದ ಮಾತು ಅದರಲ್ಲಿಯೇ ಇದ್ದಿತು. ಡಾ. ಅಂಬೇಡ್ಕರರ ಸಮಿತಿಯು ಆ ಕರಡನ್ನು ತಿದ್ದಿ ಬೆಳೆಸಿತು. ರಾಯರು ೧೯೫೦ರ ಜೂನಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷರಾಗಿದ್ದರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿರುವಾಗಲೇ, ೧೯೫೩ರ ನವೆಂಬರ್ ೩೦ರಂದು, ಜೂರಿಚ್‌ನಲ್ಲಿ ತೀರಿಕೊಂಡರು.

ಅಸ್ಪೃಶ್ಯತೆಯನ್ನು ಆಚರಿಸಿದವನಿಗೆ ಶಿಕ್ಷೆ ವಿಧಿಸುವ ಕಾಯಿದೆ ೧೯೫೫ರಲ್ಲಿಯೇ ಬಂದಿತು. ಜನಾಂಗಭೇದಕ್ಕೆ ಅಂತಹ ಪ್ರತ್ಯೇಕ ಕಾಯಿದೆ ಇಂದಿಗೂ ಇಲ್ಲ. ೨೦೧೪ರಲ್ಲಿ ಬೆಜ್‌ಬರುವಾ ಸಮಿತಿಯು ಈಶಾನ್ಯದ ಜನರ ರಕ್ಷಣೆಗಾಗಿ ದಂಡಸಂಹಿತೆಗೆ ಹೊಸ ಕಲಮುಗಳನ್ನು ಸೂಚಿಸಿತು. ೨೦೧೬ರ ಮೇ ತಿಂಗಳಲ್ಲಿ ಈ ವಸಂತ್ ಕುಂಜ್‌ನಲ್ಲಿಯೇ ಆಟೋ ಹಿಡಿಯುವ ಜಗಳದಲ್ಲಿ ಕಾಂಗೋ ದೇಶದ ಯುವಕನೊಬ್ಬನನ್ನು ಹೊಡೆದು ಕೊಂದರು. ೧೫ನೆಯ ವಿಧಿಯು ಪೌರರಿಗಾಗಿ ಮಾತ್ರ ಇರುವುದರಿಂದ ವಿದೇಶೀಯನಿಗೆ ಅದರ ಆಸರೆಯೂ ಇಲ್ಲ. ೨೦೨೩ರ ನ್ಯಾಯ ಸಂಹಿತೆಯು ಐವರು ಅಥವಾ ಹೆಚ್ಚು ಜನ ಕೂಡಿ ಜನಾಂಗದ ಕಾರಣಕ್ಕೆ ಕೊಲೆ ಮಾಡಿದರೆ ಪ್ರತ್ಯೇಕವಾಗಿ ಶಿಕ್ಷೆ ಹೇಳುತ್ತದೆ. ಬಾಡಿಗೆಗೆ ಮನೆ ಕೊಡೆನೆಂದವನನ್ನು ಕೇಳುವವರಿಲ್ಲ.

ನಾವು ಹೊಟೇಲು ನಡೆಸುತ್ತಿದ್ದಾಗ ನಮ್ಮಲ್ಲಿದ್ದ ಮಣಿಪುರದ ಹುಡುಗನಿಗೆ ಇಲ್ಲಿಯ ಮನೆಯೊಡೆಯನೊಬ್ಬನು ಮುಖ ನೋಡಿಯೇ ಕೋಣೆ ಇಲ್ಲವೆಂದನು. ಮರುದಿನ ಅದೇ ಕೋಣೆಯನ್ನು ನಮ್ಮ ಕುಂದಾಪುರದ ಹುಡುಗನಿಗೆ ಕೊಟ್ಟನು. ಮುಂಗಡ ಹಣವನ್ನು ಎಣಿಸಿ ಕೊಟ್ಟು ಬಂದವರು ನಾವೇ.